ಎಲ್‌ಇಡಿಗೆ ಯಾವ ಡಿಮ್ಮರ್? ಲೀಡಿಂಗ್, ಟ್ರೇಲಿಂಗ್, ಯೂನಿವರ್ಸಲ್ ಮೂರನ್ನೂ ತೂಗಿ ನೋಡಿದಾಗ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮನೆಯ ಎಲ್‌ಇಡಿ ಡೌನ್‌ಲೈಟ್, ಸ್ಪಾಟ್‌ಲೈಟ್‌ಗಳಿಗೆ ಗೋಡೆಯ ಡಿಮ್ಮರ್ ಕೊಳ್ಳುವುದಿದ್ದರೆ ಟ್ರೇಲಿಂಗ್ ಎಡ್ಜ್ (ಕರೆಂಟಿನ ಅಲೆಯ ಬಾಲ ಕತ್ತರಿಸುವ) ಮಾದರಿಯನ್ನೇ ಕೊಳ್ಳಿ. ಅದರಲ್ಲೂ ಕನಿಷ್ಠ ಬೆಳಕಿನ ಮಟ್ಟ ಹೊಂದಿಸಲು ಪುಟ್ಟ ತಿರುಪು ಇರುವುದನ್ನೂ, ಎಲ್‌ಇಡಿಗೆ ಎಷ್ಟು ವ್ಯಾಟ್ ಎಂದು ಬೇರೆಯಾಗಿ ಅಚ್ಚಾಗಿರುವುದನ್ನೂ ಆರಿಸಿ. ಮಾಮೂಲಿ 400 ವ್ಯಾಟ್, 650 ವ್ಯಾಟ್ ಟ್ರಯಾಕ್ (ಒಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಡಿಮ್ಮರ್, ಅಂದರೆ ಅಲೆಯ ತಲೆ ಕತ್ತರಿಸುವ ಲೀಡಿಂಗ್ ಎಡ್ಜ್ ಮಾದರಿ, ಎಲ್‌ಇಡಿಗೆ ಎರಡನೇ ಆಯ್ಕೆಯೂ ಅಲ್ಲ, ದೀಪದ ತಯಾರಕರೇ ಅದನ್ನು ಹೆಸರಿಸಿ ಒಪ್ಪಿದ್ದರೆ ಮಾತ್ರ ಸರಿ. ಇದೆಲ್ಲಕ್ಕೂ ಮೊದಲು ನೋಡಬೇಕಾದದ್ದು ದೀಪದೊಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಸರ್ಕ್ಯೂಟು. ಡ್ರೈವರ್ ಒಪ್ಪದಿದ್ದರೆ ಎಂಥ ಡಿಮ್ಮರ್ ತಂದರೂ ದುಡ್ಡು ದಂಡ.

ಡ್ರೈವರ್ ಡಬ್ಬಿಯ ಮೇಲಿನ ಆ ಒಂದು ಸಾಲು

ನಮ್ಮಲ್ಲಿ ಮಾರಾಟವಾಗುವ ಡೌನ್‌ಲೈಟಿನ ಡ್ರೈವರ್ ಡಬ್ಬಿ ತಿರುಗಿಸಿ ನೋಡಿ. "ಇನ್‌ಪುಟ್ 100–300 ವೋಲ್ಟ್" ಎಂದೋ ಅದಕ್ಕೆ ಹತ್ತಿರದ ಇನ್ನೊಂದು ಅಂಕಿಯೋ ಕಾಣುತ್ತದೆ. ವೋಲ್ಟೇಜ್ ಏರಿಳಿಯುವ ನಾಡಿಗೆ ಇದು ದೊಡ್ಡ ಗುಣ. ಸಂಜೆ ಹೊತ್ತು 170 ವೋಲ್ಟಿಗೆ ಇಳಿದರೂ ಬೆಳಕು ಅಷ್ಟೇ ಇರುತ್ತದೆ, ಏಕೆಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದೇ ಆ ಡ್ರೈವರಿನ ಕೆಲಸ. ಡಿಮ್ಮರಿಗೆ ಇದೇ ಗುಣ ಮುಳ್ಳಾಗುತ್ತದೆ. ನೀವು ಡಿಮ್ಮರಿನ ಗುಬ್ಬಿ (ನಾಬ್) ತಿರುಗಿಸಿ ಕರೆಂಟಿನ ಅಲೆಯನ್ನು ಕತ್ತರಿಸುತ್ತ ಹೋದಂತೆ, ಡ್ರೈವರ್ ಅದನ್ನು ವೋಲ್ಟೇಜ್ ಕುಸಿತ ಎಂದುಕೊಂಡು ಸರಿದೂಗಿಸುತ್ತ ಹೋಗುತ್ತದೆ. ಮುಕ್ಕಾಲು ಸುತ್ತು ತಿರುಗಿಸಿದರೂ ಬೆಳಕು ಜಗ್ಗುವುದಿಲ್ಲ. ಆಮೇಲೆ ಒಮ್ಮೆಲೇ ಡ್ರೈವರ್ ಕೈಚೆಲ್ಲುತ್ತದೆ: ಆರುತ್ತದೆ, ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಡಿಮ್ಮರ್ ಕೆಟ್ಟಿದೆ ಎಂದು ಬದಲಾಯಿಸುವವರಲ್ಲಿ ಬಹುಪಾಲು ಮಂದಿಯ ಅಸಲಿ ತೊಂದರೆ ಇದೇ.

ಡಿಮ್ ಆಗುವ ಡ್ರೈವರ್ ಬೇರೆಯದೇ ತಳಿ. ಕತ್ತರಿಸಿದ ಅಲೆಯ ಅಗಲವನ್ನು ಅಳೆದು, ಅದನ್ನೊಂದು ಆಜ್ಞೆಯಂತೆ ಓದಿ, ಎಲ್‌ಇಡಿ ಕರೆಂಟನ್ನು ತಾನೇ ಇಳಿಸುತ್ತದೆ. ಡಿಮ್ಮರಿನ ಟ್ರಯಾಕ್ ಮಧ್ಯದಲ್ಲಿ ಕೈಬಿಡದಂತೆ ಸ್ವಲ್ಪ ಕರೆಂಟನ್ನು ಸುಮ್ಮನೆ ಎಳೆದುಕೊಳ್ಳುವ ಬ್ಲೀಡರ್ ಸರ್ಕ್ಯೂಟು ಅದರೊಳಗಿರುತ್ತದೆ. ಮೀನ್‌ವೆಲ್ ಕಂಪನಿಯ ಪಿಸಿಡಿ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಲೀಡಿಂಗ್, ಟ್ರೇಲಿಂಗ್ ಎರಡಕ್ಕೂ ಮಾಡಿದ್ದು. ಆನ್‌ಲೈನ್‌ನಲ್ಲಿ ತರಿಸುವಾಗ ಹೆಸರಿನ ಕೊನೆಯ ಅಕ್ಷರ ನೋಡಿ: 'ಎ' ಎಂದಿದ್ದರೆ 110 ವೋಲ್ಟಿನ ದೇಶಗಳಿಗೆ, 'ಬಿ' ಎಂದಿದ್ದರೆ ನಮ್ಮ 230 ವೋಲ್ಟಿಗೆ. ತಪ್ಪಿ 'ಎ' ಬಂದರೆ ಜೋಡಿಸಬೇಡಿ, ವಾಪಸ್ ಕಳಿಸಿ.

ದೀಪ ಹಾಗೆಯೇ ಇಟ್ಟುಕೊಂಡು ಡ್ರೈವರ್ ಮಾತ್ರ ಬದಲಾಯಿಸಬಹುದು. ಎರಡು ಅಂಕಿ ಹೊಂದಬೇಕು. ಹಳೆಯ ಡ್ರೈವರಿನ ಔಟ್‌ಪುಟ್ ಕರೆಂಟು 300 ಮಿಲಿಆಂಪ್ ಇದ್ದರೆ ಹೊಸದೂ 300, ಇಲ್ಲವೇ ತುಸು ಕಡಿಮೆ. 350 ಹಾಕಿದರೆ ದೀಪ ಸ್ವಲ್ಪ ಹೆಚ್ಚು ಬೆಳಗುತ್ತದೆ ನಿಜ, ಆದರೆ ಚಿಪ್ ಕಾದು ಆಯಸ್ಸು ಕಡಿಮೆಯಾಗುತ್ತದೆ. ಎರಡನೆಯದು ವೋಲ್ಟೇಜ್: 12 ವ್ಯಾಟ್ ದೀಪ 300 ಮಿಲಿಆಂಪ್‌ನಲ್ಲಿ ಸುಮಾರು 40 ವೋಲ್ಟ್ ಕೇಳುತ್ತದೆ, ಅದು ಹೊಸ ಡ್ರೈವರಿನ ಔಟ್‌ಪುಟ್ ವ್ಯಾಪ್ತಿಯ ನಡುವೆ ಬೀಳಬೇಕು, ಅಂಚಿನಲ್ಲಲ್ಲ.

ಹೋಲ್ಡರಿಗೆ ಸಿಕ್ಕಿಸುವ 9 ವ್ಯಾಟ್ ಬಲ್ಬುಗಳಲ್ಲಿ ಡಬ್ಬದ ಮೇಲೆ "ಡಿಮ್ಮಬಲ್" ಎಂದು ಸ್ಪಷ್ಟವಾಗಿ ಇಲ್ಲದಿದ್ದರೆ ಇಲ್ಲವೆಂದೇ ಅರ್ಥ. ಬಿಐಎಸ್ ಗುರುತು ಸುರಕ್ಷತೆಯ ಮಾತು, ಡಿಮ್ ಆಗುತ್ತದೆಂಬ ಖಾತ್ರಿಯಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿ ಹಾಕಿದರೆ ಮಟ್ಟ ಬದಲಾಗುವ ಬಲ್ಬುಗಳೂ ಇವೆ, ಫಿಲಿಪ್ಸ್‌ನ ಸೀನ್‌ಸ್ವಿಚ್‌ನಂಥವು. ಅವುಗಳ ಬುದ್ಧಿಯೆಲ್ಲ ಬಲ್ಬಿನೊಳಗೇ ಇದೆ. ಅವಕ್ಕೂ ಆ್ಯಪ್‌ನಿಂದ ನಡೆಯುವ ಸ್ಮಾರ್ಟ್ ಬಲ್ಬುಗಳಿಗೂ ಡಿಮ್ಮರ್ ಸೋಕಿಸಬಾರದು.

ಅಲೆಯ ತಲೆ ಕತ್ತರಿಸುವುದೋ, ಬಾಲವೋ

ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಅರ್ಧ ಅಲೆಗಳು, ಒಂದೊಂದೂ 10 ಮಿಲಿಸೆಕೆಂಡ್. ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು ಉಳಿದದ್ದನ್ನು ಬಿಟ್ಟರೆ ಅದು ಲೀಡಿಂಗ್ ಎಡ್ಜ್. ಮೊದಲ ಭಾಗ ಬಿಟ್ಟು ಕೊನೆಯದನ್ನು ತಡೆದರೆ ಟ್ರೇಲಿಂಗ್ ಎಡ್ಜ್. ಯಾವ ಕಡೆ ಕತ್ತರಿಸಿದರೂ ಲೆಕ್ಕ ಒಂದೇ: 5 ಮಿಲಿಸೆಕೆಂಡ್ ಉಳಿಸಿದರೆ 230 ವೋಲ್ಟ್ ಇದ್ದದ್ದು 163 ವೋಲ್ಟ್ ಆಗುತ್ತದೆ, ತಂತಿ ಬಲ್ಬಿನಂಥ ಸಾದಾ ಲೋಡಿಗೆ ಶಕ್ತಿ ಅರ್ಧಕ್ಕಿಳಿಯುತ್ತದೆ. 2.5 ಮಿಲಿಸೆಕೆಂಡ್ ಮಾತ್ರ ಉಳಿಸಿದರೆ ಶಕ್ತಿ ಶೇಕಡಾ 9ರಷ್ಟು. ಸಾದಾ ಮಲ್ಟಿಮೀಟರಿನಲ್ಲಿ ಇದನ್ನು ಅಳೆಯಲು ಹೋದರೆ ಸುಳ್ಳು ಅಂಕಿ ಬರುತ್ತದೆ. ಕತ್ತರಿಸಿದ ಅಲೆಯನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು.

ಅಮೆರಿಕದ ಜೋಯಲ್ ಸ್ಪೈರಾ 1959ರಲ್ಲಿ ಮನೆಬಳಕೆಯ ಸಾಲಿಡ್ ಸ್ಟೇಟ್ ಡಿಮ್ಮರ್ ರೂಪಿಸಿ, 1961ರಲ್ಲಿ ಲೂಟ್ರಾನ್ ಕಂಪನಿ ಕಟ್ಟಿದಾಗ ಎದುರಿಗಿದ್ದದ್ದು ತಂತಿ ಬಲ್ಬು. ಕಾದ ತಂತಿ 10 ಮಿಲಿಸೆಕೆಂಡಿನಲ್ಲಿ ತಣ್ಣಗಾಗುವುದಿಲ್ಲ, ಹಾಗಾಗಿ ಕತ್ತರಿಸಿದ್ದು ಅದರ ಬೆಳಕಿನಲ್ಲಿ ಕಾಣುವುದೂ ಇಲ್ಲ. ಎಲ್‌ಇಡಿಗೆ ಈ ಜಡತೆ ಇಲ್ಲ. ಅಲೆಯಲ್ಲಿನ ಪ್ರತಿ ಏರುಪೇರೂ, ಡ್ರೈವರ್ ನುಂಗದಿದ್ದರೆ, ಬೆಳಕಾಗಿಯೇ ಹೊರಬರುತ್ತದೆ.

ಅಂಗಡಿಯಲ್ಲಿ ಬರೀ "ಒಂದು ಡಿಮ್ಮರ್ ಕೊಡಿ" ಎಂದರೆ ಹೆಚ್ಚಾಗಿ ಕೈಗೆ ಬರುವುದು ಲೀಡಿಂಗ್ ಎಡ್ಜ್. ಒಳಗೆ ಒಂದು ಟ್ರಯಾಕ್, ಅದನ್ನು ಎಬ್ಬಿಸಲು ಸುಮಾರು 32 ವೋಲ್ಟಿಗೆ ಕರೆಂಟು ಬಿಡಲಾರಂಭಿಸುವ ಡಿಬಿ3 ಡಯಾಕ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ತಿರುಗಿಸುವ ಪೊಟೆನ್ಶಿಯೋಮೀಟರ್, ರೇಡಿಯೋ ಗೊಂದಲ ತಡೆಯಲು ಒಂದು ಚೋಕ್. ಅಗ್ಗ, ಗಟ್ಟಿ, ರಿಪೇರಿಗೂ ಸುಲಭ. ತೊಂದರೆ ಟ್ರಯಾಕಿನ ಸ್ವಭಾವದಲ್ಲೇ ಇದೆ. ಒಮ್ಮೆ ಹೊತ್ತಿಕೊಂಡ ಟ್ರಯಾಕ್ ತನ್ನ ಮೂಲಕ ಒಂದು ಮಟ್ಟದ ಕರೆಂಟು ಹರಿಯುವವರೆಗೆ ಮಾತ್ರ ಹೊತ್ತಿರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿಟಿಎ16-600ಬಿಯಲ್ಲಿ ಆ ಮಟ್ಟ 50 ಮಿಲಿಆಂಪ್‌ವರೆಗೂ ಇರಬಹುದು. 60 ವ್ಯಾಟಿನ ತಂತಿ ಬಲ್ಬು ಎಳೆಯುವುದು 260 ಮಿಲಿಆಂಪ್, ಚಿಂತೆಯಿಲ್ಲ. 7 ವ್ಯಾಟಿನ ಎಲ್‌ಇಡಿ ಎಳೆಯುವುದು 30. ಟ್ರಯಾಕ್ ನಡುದಾರಿಯಲ್ಲೇ ಆರಿ, ಮತ್ತೆ ಹೊತ್ತಿ, ಮತ್ತೆ ಆರುತ್ತದೆ. ಅದೇ ನಿಮ್ಮ ಕಣ್ಣಿಗೆ ಬೀಳುವ ಮಿನುಗು.

ಇನ್ನೊಂದು ಪೆಟ್ಟು ಅಲೆಯ ನೆತ್ತಿಯಲ್ಲಿ. ಗುಬ್ಬಿ ನಡುವಿಗಿದ್ದಾಗ ಟ್ರಯಾಕ್ ಹೊತ್ತುವ ಕ್ಷಣದಲ್ಲಿ ಲೈನಿನಲ್ಲಿರುವುದು 325 ವೋಲ್ಟ್. ಸೊನ್ನೆಯಿಂದ ಅಷ್ಟೆತ್ತರಕ್ಕೆ ಒಂದೇ ನೆಗೆತ. ಡ್ರೈವರಿನ ಬಾಯಲ್ಲಿರುವ ಕೆಪಾಸಿಟರುಗಳು ಆ ಕ್ಷಣ ದೊಡ್ಡ ಗುಟುಕು ಕರೆಂಟು ಎಳೆಯುತ್ತವೆ, ಸೆಕೆಂಡಿಗೆ ನೂರು ಸಲ. ಚೋಕ್ ಗುಂಯ್‌ಗುಡುವುದು, ಹತ್ತಿರದಲ್ಲಿ ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರ ಹಾಕಿದರೆ ಬರ್ರೆನ್ನುವುದು, ಡ್ರೈವರ್ ಬೇಗ ಸಾಯುವುದು ಎಲ್ಲಕ್ಕೂ ಇದೇ ಮೂಲ. ಆದ್ದರಿಂದಲೇ ಡಿಮ್ಮರಿನ ಮೇಲೆ ಅಚ್ಚಾದ 400 ವ್ಯಾಟ್ ಎಲ್‌ಇಡಿಗೆ ಅನ್ವಯಿಸುವುದಿಲ್ಲ. ಎಲ್‌ಇಡಿಗೆ ಬೇರೆ ಅಂಕಿ ಕೊಟ್ಟಿರದಿದ್ದರೆ ಹತ್ತರಲ್ಲಿ ಒಂದು ಪಾಲು, ಅಂದರೆ 40 ವ್ಯಾಟ್, ಎಂದು ಎಣಿಸಿ. ಇತ್ತ ಅದೇ ಡಿಮ್ಮರಿಗೆ ಕನಿಷ್ಠ ಲೋಡ್ 40 ವ್ಯಾಟ್ ಎಂದೂ ಬರೆದಿದ್ದರೆ, ಎಲ್‌ಇಡಿಗೆ ಅದರಲ್ಲಿ ಜಾಗವೇ ಉಳಿಯಲಿಲ್ಲ.

ಟ್ರೇಲಿಂಗ್ ಎಡ್ಜ್‌ನಲ್ಲಿ ಟ್ರಯಾಕ್ ಇಲ್ಲ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಟ್ರಾನ್ಸಿಸ್ಟರ್ ಸ್ವಿಚ್ಚುಗಳು, ಅಂದರೆ ಮಾಸ್‌ಫೆಟ್‌ಗಳು ಅಲೆ ಸೊನ್ನೆಯಲ್ಲಿದ್ದಾಗ ತೆರೆದುಕೊಳ್ಳುತ್ತವೆ, ಬೇಕಾದ ಕಡೆ ಮುಚ್ಚಿಕೊಳ್ಳುತ್ತವೆ. ವೋಲ್ಟೇಜ್ ಸೊನ್ನೆಯಿಂದ ತಾನಾಗಿ ಏರುವುದರಿಂದ ಡ್ರೈವರಿಗೆ ಪೆಟ್ಟಿಲ್ಲ, ಮಾಸ್‌ಫೆಟ್‌ಗೆ ಹಿಡಿದಿಡುವ ಕರೆಂಟಿನ ಹಂಗಿಲ್ಲ, ಸದ್ದೂ ಬಹಳ ಕಡಿಮೆ. ಒಳ್ಳೆಯ ಮಾದರಿಗಳಲ್ಲಿ ಓವರ್‌ಲೋಡ್, ಶಾರ್ಟ್ ಆದರೆ ತಾನೇ ಮುಚ್ಚಿಕೊಳ್ಳುವ ರಕ್ಷಣೆಯೂ ಇದೆ. ಬೆಲೆ ಹೆಚ್ಚು, ಸಿಗುವ ಬ್ರಾಂಡುಗಳು ಕಡಿಮೆ, ನಿಮ್ಮ ಪ್ಲೇಟಿನ ಬಣ್ಣದಲ್ಲಿ ತರಿಸಿಕೊಳ್ಳಲು ಕಾಯಬೇಕಾಗಬಹುದು. ಅಷ್ಟಾದರೂ ನಮ್ಮ ಮತ ಇದಕ್ಕೇ.

ಇದರಲ್ಲೂ ಒಂದು ಕೊರತೆ ಇದೆ. ಲೋಡ್ ತೀರಾ ಕಡಿಮೆಯಿದ್ದರೆ, ಮಾಸ್‌ಫೆಟ್ ಮುಚ್ಚಿದ ಮೇಲೂ ಡ್ರೈವರಿನ ಕೆಪಾಸಿಟರಿನಲ್ಲಿ ವೋಲ್ಟೇಜ್ ಉಳಿದುಬಿಡುತ್ತದೆ, ಕತ್ತರಿಸಿದ್ದು ಕತ್ತರಿಸಿದಂತೆ ಕಾಣುವುದಿಲ್ಲ. ಒಂದೇ ಒಂದು 5 ವ್ಯಾಟ್ ಸ್ಪಾಟ್‌ಲೈಟಿಗೆ ಟ್ರೇಲಿಂಗ್ ಡಿಮ್ಮರ್ ಹಾಕಿ ಬೆಳಕು ಇಳಿಯಲೇ ಇಲ್ಲ ಎಂದರೆ ಕಾರಣ ಇದು. ಅದೇ ಸಾಲಿಗೆ ಇನ್ನೂ ಎರಡು ದೀಪ ಸೇರಿಸಿದರೆ ಹೆಚ್ಚಿನ ಸಂದರ್ಭದಲ್ಲಿ ಸರಿಹೋಗುತ್ತದೆ.

ಆರ್, ಎಲ್, ಸಿ

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಏನೇ ಬರೆದಿರಲಿ, ಡಿಮ್ಮರಿನ ಬೆನ್ನ ಮೇಲಿನ ಮೂರು ಅಕ್ಷರ ಹುಡುಕಿ. ಆರ್ ಎಂದರೆ ತಂತಿ ಬಲ್ಬಿನಂಥ ಸಾದಾ ಲೋಡ್. ಎಲ್ ಎಂದರೆ ಸುರುಳಿ ಇರುವ ಲೋಡ್, ಉದಾಹರಣೆಗೆ ಹಳೆಯ 12 ವೋಲ್ಟ್ ಹ್ಯಾಲೊಜನ್ ದೀಪದ ಕಬ್ಬಿಣದ ಟ್ರಾನ್ಸ್‌ಫಾರ್ಮರ್. ಸಿ ಎಂದರೆ ಕೆಪಾಸಿಟರ್ ಬಾಯಿಯ ಲೋಡ್, ಅಂದರೆ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಮತ್ತು ಬಹುತೇಕ ಎಲ್‌ಇಡಿ ಡ್ರೈವರುಗಳು. "ಆರ್, ಎಲ್" ಎಂದಷ್ಟೇ ಇದ್ದರೆ ಲೀಡಿಂಗ್. "ಆರ್, ಸಿ" ಎಂದಿದ್ದರೆ ಟ್ರೇಲಿಂಗ್. ಮೂರೂ ಇದ್ದರೆ ಯೂನಿವರ್ಸಲ್.

ಯೂನಿವರ್ಸಲ್ ಡಿಮ್ಮರ್ ಕರೆಂಟು ಬಂದೊಡನೆ ಲೋಡನ್ನು ತಾನೇ ಪರೀಕ್ಷಿಸಿ ಯಾವ ಕಡೆ ಕತ್ತರಿಸಬೇಕೆಂದು ತೀರ್ಮಾನಿಸುತ್ತದೆ. ಎಲ್‌ಇಡಿ ಡ್ರೈವರ್ ಇದ್ದಾಗ ಈ ಊಹೆ ತಪ್ಪುವುದುಂಟು: ನಿನ್ನೆ ಸರಿಯಿದ್ದದ್ದು ಇವತ್ತು ಕರೆಂಟು ಹೋಗಿ ಬಂದ ಮೇಲೆ ಗುಂಯ್ ಎನ್ನುತ್ತದೆ. ಯೂನಿವರ್ಸಲ್ ಕೊಳ್ಳುವುದಾದರೆ ಕೈಯಿಂದಲೇ ಟ್ರೇಲಿಂಗ್‌ಗೆ ಬೀಗ ಹಾಕಿಬಿಡುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ಅದಿಲ್ಲದ ಯೂನಿವರ್ಸಲ್‌ಗಿಂತ ಸಾದಾ ಟ್ರೇಲಿಂಗ್ ಮೇಲು.

ಫ್ಯಾನ್ ರೆಗ್ಯುಲೇಟರ್ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಈ ತಪ್ಪು ನಮ್ಮಲ್ಲಿ ಬಹಳ. ನಾಲ್ಕೈದು ಹಂತದ ಈಗಿನ ರೆಗ್ಯುಲೇಟರಿನಲ್ಲಿ ಇರುವುದು ಕೆಪಾಸಿಟರುಗಳು, ಅದಕ್ಕೆ ಎಲ್‌ಇಡಿ ಜೋಡಿಸಬಾರದು. ಟ್ರೇಲಿಂಗ್ ಡಿಮ್ಮರಿಗೆ ಫ್ಯಾನ್ ಜೋಡಿಸುವುದು ಇನ್ನೂ ಕೆಟ್ಟದ್ದು: ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟನ್ನು ನಡುವೆ ಕಡಿದಾಗ ಏಳುವ ವೋಲ್ಟೇಜ್ ಮಾಸ್‌ಫೆಟ್ಟನ್ನು ಸುಡುತ್ತದೆ.

ಜೋಡಣೆ

ಡಿಮ್ಮರಿನ ಎಲ್‌ಇಡಿ ಮಿತಿ 100 ವ್ಯಾಟ್ ಇದ್ದರೆ 30ರಿಂದ 70 ವ್ಯಾಟ್ ನಡುವೆ ಲೋಡ್ ಇಡಿ. 10 ವ್ಯಾಟಿನ ಆರು ದೀಪ, ಒಟ್ಟು 60: ಇದು ಹಿತವಾದ ಜಾಗ. ಒಂದೇ ಡಿಮ್ಮರಿನ ಕೆಳಗೆ ಬೇರೆ ಬೇರೆ ಕಂಪನಿಯ ದೀಪ ಬೆರೆಸಬೇಡಿ. ಒಂದು ಬೇಗ ಹೊತ್ತುತ್ತದೆ, ಇನ್ನೊಂದು ತಡವಾಗಿ, ಕೆಳಮಟ್ಟದಲ್ಲಿ ಒಂದು ಆರಿಹೋದಾಗ ಇನ್ನೊಂದು ಉರಿಯುತ್ತಲೇ ಇರುತ್ತದೆ. ಒಂದೇ ಪ್ಲೇಟಿನಲ್ಲಿ ಎರಡು ಡಿಮ್ಮರ್ ಅಕ್ಕಪಕ್ಕ ಕೂರಿಸಿದರೆ ಎರಡೂ ಕಾಯುತ್ತವೆ. ನಡುವೆ ಒಂದು ಖಾಲಿ ಮಾಡ್ಯೂಲ್ ಬಿಡಿ, ಲೋಡನ್ನೂ ಇಳಿಸಿ.

ನ್ಯೂಟ್ರಲ್ ಬೇಡುವ ಮೂರು ತಂತಿಯ ಡಿಮ್ಮರ್ ಸಿಕ್ಕರೆ ಅದನ್ನೇ ಹಾಕಿ. ಎರಡು ತಂತಿಯದು ತನ್ನ ಹೊಟ್ಟೆಪಾಡಿಗೆ ಬೇಕಾದ ಕರೆಂಟನ್ನು ದೀಪದ ಮೂಲಕವೇ ಕದಿಯಬೇಕು, ಸಣ್ಣ ಲೋಡಿನಲ್ಲಿ ಅದೇ ಮಿನುಗಾಗಿ ಕಾಣುತ್ತದೆ. ಇಲ್ಲಿ ನಮಗೊಂದು ಅನುಕೂಲವಿದೆ: ನಮ್ಮ ಸ್ವಿಚ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಪ್ಲಗ್ ಸಾಕೆಟ್ಟೂ ಇರುವುದರಿಂದ ನ್ಯೂಟ್ರಲ್ ಅಲ್ಲೇ ಬಂದಿರುತ್ತದೆ. ಡಿಮ್ಮರಿನ ಮೇಲೆ ಎಲ್ (ಇಲ್ಲಿ ಲೈನ್) ಎಂದು ಗುರುತಿರುವ ಕಡೆಗೆ ಫೇಸ್, ಬಾಣದ ಗುರುತಿನ ಕಡೆಯಿಂದ ದೀಪಕ್ಕೆ. ಎರಡೂ ಅದಲು ಬದಲಾದರೆ ಮೂರು ತಂತಿಯ ಡಿಮ್ಮರ್ ಕೆಲಸ ಮಾಡುವುದಿಲ್ಲ. ನ್ಯೂಟ್ರಲ್ಲನ್ನು ಅದೇ ಸರ್ಕ್ಯೂಟಿನಿಂದಲೇ ತೆಗೆದುಕೊಳ್ಳಿ. ಮೆಟ್ಟಿಲಿನ ಟೂ-ವೇ ಜೋಡಣೆಯಲ್ಲಿ ಡಿಮ್ಮರ್ ಒಂದು ತುದಿಗೆ ಮಾತ್ರ, ಇನ್ನೊಂದು ತುದಿಯಲ್ಲಿ ಸಾದಾ ಟೂ-ವೇ ಸ್ವಿಚ್ಚು.

ಆರಿಸಿದ ಮೇಲೂ ದೀಪ ಮಂದವಾಗಿ ಮಿಣಮಿಣ ಎನ್ನುತ್ತಿದ್ದರೆ, ಡಿಮ್ಮರಿನೊಳಗಿನ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದರಿಂದಲೇ ಸುಮಾರು 7 ಮಿಲಿಆಂಪ್ ಸೋರಬಲ್ಲದು ಎಂಬುದನ್ನು ನೆನಪಿಡಿ. ಎಲ್‌ಇಡಿ ಹೊಳೆಯಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ತಿರುಗಿಸಿದಾಗ ಟಕ್ ಎಂದು ಕಡಿಯುವ ಸ್ವಿಚ್ ಇರುವ ಡಿಮ್ಮರಿನಲ್ಲಿ ಈ ಕಾಟವಿಲ್ಲ. ಒತ್ತುವ, ಮುಟ್ಟುವ ಮಾದರಿಗಳಲ್ಲಿ ಇದೆ. ಪರಿಹಾರ, ಸೋರಿದ ಕರೆಂಟನ್ನು ಬದಿಗೆ ಹಾಯಿಸುವ, ಡಿಮ್ಮರ್ ತಯಾರಕರದ್ದೇ ಬೈಪಾಸ್ ಮಾಡ್ಯೂಲನ್ನು ದೀಪದ ಫೇಸ್-ನ್ಯೂಟ್ರಲ್ ಅಡ್ಡಕ್ಕೆ ಹಾಕುವುದು. ಬರಿಯ ಕೆಪಾಸಿಟರ್ ತಂದು ಹಾಕಬೇಡಿ. ಲೀಡಿಂಗ್ ಡಿಮ್ಮರಿದ್ದರೆ ಅದು ಕರೆಂಟಿನ ಗುಟುಕನ್ನು ಇನ್ನಷ್ಟು ಹಿಗ್ಗಿಸುತ್ತದೆ. ಈ ಸೋರಿಕೆಯ ಕಾರಣಕ್ಕೇ, ದೀಪ ಅಥವಾ ಡ್ರೈವರ್ ಬದಲಾಯಿಸುವಾಗ ಡಿಮ್ಮರ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಬೇಕು.

ಕನಿಷ್ಠ ಮಟ್ಟದ ತಿರುಪನ್ನು ಹೊಂದಿಸುವುದು ಹೀಗೆ: ಗುಬ್ಬಿಯನ್ನು ಪೂರ್ತಿ ಇಳಿಸಿ, ದೀಪಗಳೆಲ್ಲ ಸ್ಥಿರವಾಗಿ ಉರಿಯುವ ತನಕ ತಿರುಪನ್ನು ನಿಧಾನ ಮೇಲಕ್ಕೆ ತಿರುಗಿಸಿ, ಅಲ್ಲಿಂದ ಇನ್ನೊಂದು ಚೂರು ಮೇಲೆ ನಿಲ್ಲಿಸಿ. ಆ ಚೂರು ಯಾಕೆಂದರೆ, ಸಂಪಿನ ಮೋಟರ್ ಶುರುವಾದಾಗ ಹತ್ತು ವೋಲ್ಟ್ ಕುಸಿದರೂ ಕೆಳಮಟ್ಟದ ದೀಪ ಆರಿಹೋಗುತ್ತದೆ. ಬೆಳಕು ಎಷ್ಟು ಇಳಿಯುತ್ತದೆ ಎಂಬ ಜಾಹೀರಾತಿನ ಅಂಕಿಯನ್ನು ಕಣ್ಣಿನ ಲೆಕ್ಕಕ್ಕೆ ತಂದುಕೊಳ್ಳಿ. ಮೀಟರಿನಲ್ಲಿ ಶೇಕಡಾ 10 ಇದ್ದದ್ದು ಕಣ್ಣಿಗೆ ಸುಮಾರು 32ರಂತೆ ತೋರುತ್ತದೆ. ಊಟದ ಕೋಣೆಗೆ ಅದು ಸಾಕು. ಹೋಮ್ ಥಿಯೇಟರಿಗೆ, ಮಗು ಮಲಗುವ ಕೋಣೆಗೆ ಸಾಲದು. ಅಲ್ಲಿ ಶೇಕಡಾ 1ಕ್ಕೆ ಇಳಿಯುವ ಡ್ರೈವರ್ ಬೇಕು.

ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು

ಸೀಲಿಂಗ್ ಬಣ್ಣವಾದ ಮೇಲೆ ಡ್ರೈವರ್ ಬದಲಾಯಿಸುವುದು ದುಬಾರಿ ಕೆಲಸ. ಒಂದು ದೀಪ, ಒಂದು ಡಿಮ್ಮರ್ ಕೊಂಡು ಪರೀಕ್ಷಿಸಿದರೆ ಸಾಲದು. ಎಷ್ಟು ದೀಪ ಹಾಕುತ್ತೀರೋ ಅಷ್ಟನ್ನೂ ನೆಲದ ಮೇಲೆ ಜೋಡಿಸಿ ಉರಿಸಿ. ಬೆಂಗಳೂರಿನಲ್ಲಿ ಎಸ್‌ಜೆಪಿ ರಸ್ತೆಯಂಥ ಕಡೆ ಕೊಳ್ಳುವವರು ದೀಪದ ಒಂದು ನಮೂನೆ ಜೊತೆಗೊಯ್ದು ಅಂಗಡಿಯಲ್ಲೇ ಹಾಕಿಸಿ ನೋಡಿ, ಹೊಂದದಿದ್ದರೆ ಡಿಮ್ಮರ್ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಪೂರ್ತಿ ಬೆಳಕಿನಿಂದ ಕೆಳಗಿನ ತನಕ ನಿಧಾನ ಇಳಿಸಿ, ಎಲ್ಲಾದರೂ ನೆಗೆತ ಇದೆಯೇ ನೋಡಿ. ಕೆಳಮಟ್ಟದಲ್ಲೇ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಅಲ್ಲಿಂದಲೇ ಹೊತ್ತಿಸಿ: ಎಲ್ಲವೂ ಒಟ್ಟಿಗೆ ಹೊತ್ತಬೇಕು. ಗುಬ್ಬಿ ನಡುವಿಗಿಟ್ಟು ಫ್ಯಾನ್ ಆರಿಸಿ ಕಿವಿಗೊಡಿ; ಸದ್ದು ಹೆಚ್ಚಿರುವುದು ಅಲ್ಲೇ. ಫೋನಿನ ಸ್ಲೋ-ಮೋಷನ್‌ನಲ್ಲಿ, ಸೆಕೆಂಡಿಗೆ 240 ಚೌಕಟ್ಟಿನಲ್ಲಿ, ದೀಪವನ್ನು ಹಿಡಿಯಿರಿ: ಬೆಳಕು ಏಳುಬೀಳುವ ಪಟ್ಟಿಗಳು ಗಾಢವಾಗಿ ಕಂಡರೆ ಆ ದೀಪ ಓದುವ ಮೇಜಿನ ಮೇಲೆ ಬೇಡ.

ಆಮೇಲೆ ಮೇನ್ ಇಳಿಸಿ ಇನ್ವರ್ಟರ್ ಮೇಲೆ ಉರಿಸಿ. ಈ ಪರೀಕ್ಷೆಯನ್ನು ಬಿಡಲೇಬೇಡಿ. ಸ್ಕ್ವೇರ್ ವೇವ್ ಇನ್ವರ್ಟರಿನ ಅಲೆ ಸೊನ್ನೆಯಿಂದ ನಿಧಾನ ಏರುವುದಿಲ್ಲ, ಗೋಡೆಯಂತೆ ನೆಟ್ಟಗೆ ಏಳುತ್ತದೆ. ಟ್ರೇಲಿಂಗ್ ಡಿಮ್ಮರಿನ ಮೃದುತನವೆಲ್ಲ ಅಲ್ಲಿಗೆ ಮುಗಿಯಿತು. ಡಿಮ್ಮರಿರುವ ದೀಪಗಳನ್ನು ಇನ್ವರ್ಟರ್ ಲೈನಿನಿಂದ ಹೊರಗಿಡಿ, ಇಲ್ಲವೇ ಸೈನ್ ವೇವ್ ಇನ್ವರ್ಟರ್ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನ ಜನರೇಟರ್ ಮೇಲೆ ಮಾತ್ರ ದೀಪ ಕುಣಿದರೆ ಅದರ ಆವರ್ತನ ಅಲುಗಾಡುತ್ತಿದೆ ಎಂದರ್ಥ. ಡಿಮ್ಮರ್ ಬದಲಾಯಿಸಿ ಫಲವಿಲ್ಲ.

ಕೋವ್‌ನಲ್ಲಿ ಹಾಯಿಸುವ 12 ಅಥವಾ 24 ವೋಲ್ಟ್ ಸ್ಟ್ರಿಪ್‌ಗೆ ಫೇಸ್-ಕಟ್, ಅಂದರೆ ಅಲೆ ಕತ್ತರಿಸುವ ಡಿಮ್ಮರ್, ಬೇಡವೇ ಬೇಡ. ಪವರ್ ಸಪ್ಲೈ ಆದಮೇಲೆ ಡಿಸಿ ಕಡೆ ಪಿಡಬ್ಲ್ಯೂಎಂ (ಕರೆಂಟನ್ನು ಬಹಳ ವೇಗವಾಗಿ ಕಡಿದು ಕೊಡುವ) ಡಿಮ್ಮರ್ ಹಾಕುವುದು ಸರಳ, ಅಗ್ಗ, ಕೆಳಮಟ್ಟದಲ್ಲೂ ನಯ. ಇನ್ನು ಗೋಡೆ ಎಬ್ಬಿಸುತ್ತಿರುವ ಹೊಸ ಮನೆಯಾದರೆ, ಸ್ವಿಚ್‌ಬೋರ್ಡಿನಿಂದ ಡ್ರೈವರ್ ಜಾಗದ ತನಕ ಫೇಸ್, ನ್ಯೂಟ್ರಲ್, ಅರ್ಥ್ ಜೊತೆಗೆ ಇನ್ನೆರಡು ತಂತಿ ಎಳೆಸಿಡಿ. ಅವು ಕೂಡ 230 ವೋಲ್ಟಿನ ನಿರೋಧಕ ಹೊದಿಕೆಯವೇ ಆಗಿರಲಿ, ಬಣ್ಣ ಮಾತ್ರ ಬೇರೆ. ಆ ಎರಡು ತಂತಿಯಿದ್ದರೆ 0–10 ವೋಲ್ಟ್ ಸಂಕೇತದ ಅಥವಾ ಡಿಜಿಟಲ್ ಸಂಕೇತದ ಡಾಲಿ ಡ್ರೈವರ್ ಹಾಕಬಹುದು. ಆಗ ಅಲೆಯನ್ನು ಕತ್ತರಿಸುವ ಪ್ರಮೇಯವೇ ಬರುವುದಿಲ್ಲ: ಡ್ರೈವರಿಗೆ ಪೂರ್ತಿ 230 ವೋಲ್ಟ್ ಸಿಗುತ್ತದೆ, ಎಷ್ಟು ಬೆಳಗಬೇಕೆಂಬ ಮಾತು ಬೇರೆ ತಂತಿಯಲ್ಲಿ ಹೋಗುತ್ತದೆ. ಫೇಸ್-ಕಟ್‌ನ ಜಾಗ ಆಗಲೇ ಪ್ಲಾಸ್ಟರ್ ಆಗಿ, ಹೊಸ ತಂತಿ ಎಳೆಯಲಾಗದ ಮನೆ. ಅಲ್ಲಿ ಡಿಮ್ಮಬಲ್ ಡ್ರೈವರ್ ಜೊತೆ ಟ್ರೇಲಿಂಗ್ ಡಿಮ್ಮರ್ ಹಾಕಿದರೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ.